ಬಿಡುಗಡೆಗೂ ಒಂದು ಬಿಲ್

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಹೈಟಿಯ ಸುದ್ದಿ ಬಂದಾಗ ನೀನು ಒಂದು ಮಾತು ಹೇಳಿದೆ. "ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ದಾಟಿತು, ಇನ್ನೂ ಎಷ್ಟು ದಿನ ಆಳಿದವರ ಮೇಲೇ ಗೂಬೆ ಕೂರಿಸೋದು ಮಾರಾಯ?" ಅಂತ. ನನಗೆ ಆಗ ಉತ್ತರ ಹೊಳೆಯಲಿಲ್ಲ. ಏನೋ ಗೊಣಗಿ ಮಾತು ಬದಲಿಸಿದೆ. ಆದರೆ ಅದು ತಲೆಯಿಂದ ಹೋಗಲಿಲ್ಲ, ನಾಲ್ಕು ರಾತ್ರಿ ಕೂತು ಓದಿದೆ, ಈಗ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೈಬೇಡ. ಬೇರೆಯವರೂ ಓದಲಿ ಅಂತ ಎಲ್ಲರ ಮುಂದೆ ಇಡುತ್ತಿದ್ದೇನೆ, ನಿನ್ನ ಹೆಸರು ಹಾಕಿಲ್ಲ.

1789ರಲ್ಲಿ ಅದರ ಹೆಸರು ಹೈಟಿ ಅಲ್ಲ, ಸಾನ್ ಡೊಮಾಂಗ್. ಕೆರಿಬಿಯನ್ ದ್ವೀಪವೊಂದರ ಪಶ್ಚಿಮದ ತುಂಡು, ಫ್ರಾನ್ಸಿನ ವಸಾಹತು. ಸಕ್ಕರೆ, ಕಾಫಿ ಬೆಳೆಯಲು ಸುಮಾರು 5 ಲಕ್ಷ ಗುಲಾಮರು. ಕಬ್ಬು ಕಡಿದ ಮೇಲೆ ತಡ ಮಾಡಿದರೆ ರಸ ಹುಳಿಯುತ್ತೆ, ನಿನಗೆ ಗೊತ್ತು. ಹಾಗಾಗಿ ಸುಗ್ಗಿಯಲ್ಲಿ ಗಾಣ ಹಗಲು ರಾತ್ರಿ ತಿರುಗುತ್ತಿತ್ತು. ನಿದ್ದೆಗೆಟ್ಟು ಕಬ್ಬು ಒಡ್ಡುತ್ತಿದ್ದವರ ಕೈ ಎಷ್ಟೋ ಸಲ ಗಾಣದ ಉರುಳೆಗೆ ಸಿಕ್ಕಿಕೊಳ್ಳುತ್ತಿತ್ತು. ಕೆರಿಬಿಯನ್ ಗಾಣಗಳ ಪಕ್ಕದಲ್ಲಿ ಅದಕ್ಕೇ ಅಂತ ಒಂದು ಕೊಡಲಿ ಇಟ್ಟಿರುತ್ತಿದ್ದರು. ಗಾಣ ನಿಲ್ಲಿಸುವುದಕ್ಕಿಂತ ತೋಳು ಕಡಿಯುವುದು ಬೇಗ ಆಗುತ್ತಿತ್ತು! ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ. ಕಡಿಮೆ ಬಿದ್ದವರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತರುತ್ತಿದ್ದರು.

1791ರ ಆಗಸ್ಟಿನಲ್ಲಿ ಈ ಜನ ಎದ್ದರು. ಮುಂದಿನ ಹನ್ನೆರಡು ವರ್ಷದ ಕಥೆ ನಿನಗೆ ಸ್ವಲ್ಪ ಗೊತ್ತಿರಬೇಕು. ಟೂಸಾಂ ಲೂವೆರ್ತ್ಯೂರ್ ಅನ್ನುವ ಮಾಜಿ ಗುಲಾಮ ಸೇನಾಪತಿಯಾದ, 1794ರಲ್ಲಿ ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿತು, ಆಮೇಲೆ ನೆಪೋಲಿಯನ್ ಬಂದು ಎಲ್ಲ ಮೊದಲಿನ ಹಾಗೆ ಮಾಡುತ್ತೇನೆ ಅಂತ ತನ್ನ ಭಾವ ಲಕ್ಲೇರ್‌ನ ಕೈಯಲ್ಲಿ ದೊಡ್ಡ ಪಡೆ ಕಳಿಸಿದ. ಟೂಸಾಂನನ್ನು ಮಾತುಕತೆಗೆ ಕರೆದು ಹಿಡಿದು, ಫ್ರಾನ್ಸಿನ ಬೆಟ್ಟದ ಮೇಲಿನ ಒಂದು ಚಳಿ ಕೋಟೆಯಲ್ಲಿ ಕೂಡಿಹಾಕಿದರು. 1803ರ ಏಪ್ರಿಲ್‌ನಲ್ಲಿ ಅಲ್ಲೇ ಸತ್ತ. ಲಕ್ಲೇರ್ ಅದಕ್ಕೂ ಮೊದಲೇ ಹಳದಿ ಜ್ವರಕ್ಕೆ ಹೋಗಿದ್ದ. 1804ರ ಜನವರಿ 1ರಂದು ಟೂಸಾಂನ ಸೇನಾನಿಯಾಗಿದ್ದ ದೆಸಲೀನ್ ಸ್ವಾತಂತ್ರ್ಯ ಘೋಷಿಸಿದ. ಆ ವರ್ಷವೇ ಅಲ್ಲಿ ಉಳಿದಿದ್ದ ಫ್ರೆಂಚರನ್ನು ಕೊಲ್ಲಿಸಿದ ಕೂಡ. ಅದನ್ನು ಮುಚ್ಚಿಡುವುದಿಲ್ಲ, ನೀನು ಹೇಗೂ ಕೆದಕುತ್ತೀಯ.

ಶಾಲೆಯ ಪುಸ್ತಕದಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತೆ. ಬಾವುಟ ಇಳಿಯಿತು, ಬಾವುಟ ಏರಿತು, ಪಾಠ ಮುಗಿಯಿತು. ನಾನೂ ಇಷ್ಟು ದಿನ ಸಾಮ್ರಾಜ್ಯಗಳ ಕಥೆಯನ್ನು ಹಾಗೇ ಓದಿದ್ದೆ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿ ಉಳಿಯಿತು ಅಂತ ಒಂದು ಸಲವೂ ಕೇಳಿರಲಿಲ್ಲ.

1825ರ ಜುಲೈ. ಪೋರ್ಟ್ ಓ ಪ್ರಿನ್ಸ್ ಬಂದರಿಗೆ ಫ್ರಾನ್ಸಿನ ದೂತ ಬ್ಯಾರನ್ ಮಾಕೋ ಬಂದಿಳಿದ. ಅವನ ಬೆನ್ನಿಗೆ 14 ಯುದ್ಧದ ಹಡಗು, ಅವುಗಳಲ್ಲಿ 500ಕ್ಕೂ ಹೆಚ್ಚು ಫಿರಂಗಿ. ಕೈಯಲ್ಲಿ ರಾಜ ಹತ್ತನೇ ಚಾರ್ಲ್ಸ್ ರುಜು ಹಾಕಿದ ಒಂದು ಆದೇಶ. ಇಷ್ಟೇ ಇಷ್ಟು ಕಾಗದ ಕಣೋ, ಮೂರೇ ಕಲಮು. ಮೊದಲನೆಯದು, ನಿಮ್ಮ ಬಂದರುಗಳಲ್ಲಿ ಫ್ರೆಂಚ್ ಹಡಗಿಗೆ ಅರ್ಧ ಸುಂಕ. ಎರಡನೆಯದು, ಆಸ್ತಿ ಕಳೆದುಕೊಂಡ ಹಳೇ ವಸಾಹತುಗಾರರಿಗೆ ಪರಿಹಾರವಾಗಿ 15 ಕೋಟಿ ಫ್ರಾಂಕ್, ಐದು ವರ್ಷ ಐದು ಸಮ ಕಂತು, ಮೊದಲ ಕಂತು ಅದೇ ಡಿಸೆಂಬರ್ 31ಕ್ಕೆ. ಮೂರನೆಯದು, ಈ ಷರತ್ತಿನ ಮೇಲೆ ಸಾನ್ ಡೊಮಾಂಗಿನ ಫ್ರೆಂಚ್ ಭಾಗದಲ್ಲಿ ಈಗ ಇರುವವರಿಗೆ ಸ್ವಾತಂತ್ರ್ಯ ದಯಪಾಲಿಸಿದ್ದೇವೆ. ಇಪ್ಪತ್ತೊಂದು ವರ್ಷದಿಂದ ತನ್ನ ಪಾಡಿಗೆ ತಾನಿದ್ದ ದೇಶ ಅದು. ಹೈಟಿ ಅನ್ನುವ ಹೆಸರು ಇಡೀ ಆದೇಶದಲ್ಲಿ ಎಲ್ಲೂ ಇಲ್ಲ. ನಾನು ಎರಡು ಸಲ ಹುಡುಕಿದೆ.

"ಆಸ್ತಿ" ಅಂದರೆ ಏನು ಅಂತ ಯೋಚಿಸು. ತೋಟ, ಗಾಣ, ಮನೆ. ಅದರ ಜೊತೆಗೆ ಗುಲಾಮರು. ಅಂದರೆ ದುಡ್ಡು ಕಟ್ಟಬೇಕಾದವರೂ ಅವರೇ, ಕಳೆದುಹೋದ ಸಾಮಾನಿನ ಪಟ್ಟಿಯಲ್ಲಿ ಇದ್ದವರೂ ಅವರೇ. ಹೊಡೆಸಿಕೊಂಡವನೇ ಕೋಲಿನ ದುಡ್ಡು ಕೊಡಬೇಕು ಅಂದ ಹಾಗೆ ಆಯ್ತಲ್ಲ!

15 ಕೋಟಿ ಫ್ರಾಂಕ್ ಎಷ್ಟು ದೊಡ್ಡದು ಅಂತ ನನಗೂ ಮೊದಲು ಅಂದಾಜು ಸಿಗಲಿಲ್ಲ. 1803ರಲ್ಲಿ ಇದೇ ಫ್ರಾನ್ಸ್ ಉತ್ತರ ಅಮೆರಿಕದ ಲೂಯಿಸಿಯಾನವನ್ನು ಅಮೆರಿಕಕ್ಕೆ ಮಾರಿತ್ತಲ್ಲ, ಮಿಸಿಸಿಪ್ಪಿ ನದಿಯಿಂದ ರಾಕಿ ಬೆಟ್ಟಗಳ ತನಕದ ನೆಲ, ಅದಕ್ಕೆ ಬಂದಿದ್ದು ಸುಮಾರು 8 ಕೋಟಿ ಫ್ರಾಂಕ್. ಅದರ ಹತ್ತಿರ ಹತ್ತಿರ ಎರಡರಷ್ಟನ್ನು ಒಂದು ಪುಟ್ಟ ದೇಶ ಕಟ್ಟಬೇಕಿತ್ತು. ಅದೂ ತಾನು ರಕ್ತ ಸುರಿಸಿ ಗೆದ್ದುಕೊಂಡ ನೆಲಕ್ಕೆ.

ಹೈಟಿಯ ಅಧ್ಯಕ್ಷ ಬೋಯೆ ಒಪ್ಪಿಬಿಟ್ಟ. ಖಜಾನೆಯಲ್ಲಿ ಅಷ್ಟು ದುಡ್ಡು ಎಲ್ಲಿತ್ತು? ಮೊದಲ ಕಂತಿನ 3 ಕೋಟಿಗೆ ಪ್ಯಾರಿಸ್ಸಿನ ಬ್ಯಾಂಕಿನವರ ಹತ್ತಿರವೇ ಸಾಲ ಎತ್ತಿದರು. ಬ್ಯಾಂಕಿನವರು 60 ಲಕ್ಷ ಮುರಿದುಕೊಂಡು 2 ಕೋಟಿ 40 ಲಕ್ಷ ಕೈಗೆ ಕೊಟ್ಟರು. ಬಡ್ಡಿ ಮಾತ್ರ ಪೂರ್ತಿ 3 ಕೋಟಿಗೆ. ಹೀಗೆ ದಂಡ ಒಂದು, ದಂಡ ಕಟ್ಟಲು ಮಾಡಿದ ಸಾಲ ಇನ್ನೊಂದು, ಎರಡೂ ಒಟ್ಟಿಗೆ ಕುತ್ತಿಗೆಗೆ ಬಿತ್ತು. ದುಡ್ಡು ಹುಟ್ಟುತ್ತಿದ್ದುದು ಕಾಫಿಯ ಸುಂಕದಿಂದ. ಕಾಫಿ ಬೆಳೆಯಬೇಕು, ರೈತ ಹೊಲ ಬಿಟ್ಟು ಹೋಗಬಾರದು. ಅದಕ್ಕೆ ಬೋಯೆ 1826ರಲ್ಲಿ ಒಂದು ಕಾಯಿದೆ ತಂದ, ರೈತರು ಅಪ್ಪಣೆ ಇಲ್ಲದೆ ತೋಟ ಬಿಟ್ಟು ಊರಿಗೆ ಹೋಗುವಂತಿಲ್ಲ. ಗುಲಾಮಗಿರಿ ಕಿತ್ತೊಗೆದ ದೇಶದಲ್ಲಿ, ಒಡೆಯನಿಗೆ ಪರಿಹಾರ ಕಟ್ಟಲಿಕ್ಕೆ ಅಂತ, ಜನರನ್ನು ಮತ್ತೆ ತೋಟಕ್ಕೆ ಕಟ್ಟಿಹಾಕಿದರು. ಇದನ್ನು ಓದಿದ ದಿನ ನನಗೆ ಮುಂದೆ ಓದಲಾಗಲಿಲ್ಲ, ಪುಸ್ತಕ ಮುಚ್ಚಿಟ್ಟೆ.

ಬೋಯೆ ಯಾಕೆ ಒಪ್ಪಿದ ಅಂತ ಕೇಳುತ್ತೀಯ. ನ್ಯಾಯವಾದ ಪ್ರಶ್ನೆ. ಪರಿಹಾರದ ಮಾತನ್ನು 1814ರಲ್ಲೇ ಮೊದಲು ಎತ್ತಿದವನು ಹೈಟಿಯ ದಕ್ಷಿಣ ಭಾಗವನ್ನು ಆಳುತ್ತಿದ್ದ ಪೆತಿಯೋಂ. ಉತ್ತರವನ್ನು ಆಳುತ್ತಿದ್ದ ಕ್ರಿಸ್ತೋಫ್ ಬೇರೆ ಥರದ ಮನುಷ್ಯ. ಫ್ರಾನ್ಸಿನ ಗುಪ್ತ ದೂತನನ್ನು ಹಿಡಿದು, ಅವನ ಹತ್ತಿರ ಸಿಕ್ಕ ರಹಸ್ಯ ಪತ್ರಗಳನ್ನು ಅಚ್ಚು ಹಾಕಿಸಿ ಎಲ್ಲರಿಗೂ ಓದಿಸಿದ. ಗುಲಾಮಗಿರಿಯನ್ನು ಮತ್ತೆ ಹೇರುವ ಯೋಚನೆ ಅದರಲ್ಲಿತ್ತು. ನನಗೆ ಕ್ರಿಸ್ತೋಫ್ ಇಷ್ಟ, ಅವನೂ ಜನರನ್ನು ಚೆನ್ನಾಗಿಯೇ ಹಿಂಡಿದವನು ಅಂತ ಗೊತ್ತಿದ್ದೂ. ಆದರೆ ಬೋಯೆಯ ಕಡೆಯಿಂದ ನೋಡು. ಯಾವ ದೊಡ್ಡ ದೇಶವೂ ಹೈಟಿಯನ್ನು ದೇಶ ಅಂತ ಒಪ್ಪಿರಲಿಲ್ಲ. ಎಲ್ಲರೂ ಸಮಾನರು ಅಂತ ಬರೆದುಕೊಂಡು ಹುಟ್ಟಿದ ಅಮೆರಿಕ ಕೂಡ 1862ರ ತನಕ ಒಪ್ಪಲಿಲ್ಲ, ತಮ್ಮ ಮನೆಯ ಗುಲಾಮರೂ ನೋಡಿ ಕಲಿತಾರು ಅನ್ನುವ ಭಯ. ಬಂದರಿನಲ್ಲಿ ಫಿರಂಗಿ, ಹೊರಗೆ ಬಹಿಷ್ಕಾರ. ಅವನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ, ನಿಜವಾಗಲೂ ಹೇಳಲಾರೆ.

1838ರಲ್ಲಿ ದಂಡವನ್ನು ಒಟ್ಟು 9 ಕೋಟಿಗೆ ಇಳಿಸಿದರು. ಆದರೂ ಅದಕ್ಕೆ ಅಂಟಿಕೊಂಡ ಸಾಲಗಳು, ಆ ಸಾಲ ತೀರಿಸಲು ಮಾಡಿದ ಸಾಲಗಳು ಮುಗಿದಿದ್ದು 1947ರಲ್ಲಿ. ನಡುವೆ ಇನ್ನೊಂದು ತಮಾಷೆ ಇದೆ. 1880ರಲ್ಲಿ ಹೈಟಿಗೆ ಒಂದು ರಾಷ್ಟ್ರೀಯ ಬ್ಯಾಂಕ್ ಬಂತು, ಹೆಸರಿಗೆ ಮಾತ್ರ ಹೈಟಿಯದು, ಒಡೆತನ ಪ್ಯಾರಿಸ್ಸಿನದು. ಸರ್ಕಾರ ತನ್ನದೇ ದುಡ್ಡನ್ನು ಇಟ್ಟರೂ ಕಮಿಷನ್, ತೆಗೆದರೂ ಕಮಿಷನ್. ಆಮೇಲೆ ಅಮೆರಿಕದ ಸರದಿ. 1914ರ ಡಿಸೆಂಬರಿನಲ್ಲಿ ಅಮೆರಿಕದ ಮರೀನ್ ಸೈನಿಕರು ಹೈಟಿಯ ರಾಷ್ಟ್ರೀಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನ ಎತ್ತಿ ಹಡಗಿಗೆ ಹಾಕಿ ನ್ಯೂಯಾರ್ಕಿಗೆ ಸಾಗಿಸಿದರು. ಮರುವರ್ಷ ದೇಶಕ್ಕೇ ನುಗ್ಗಿ 1934ರ ತನಕ ಕೂತರು.

ಇನ್ನು ನಿನ್ನ "ಇನ್ನೂರು ವರ್ಷ". ಅದರಲ್ಲಿ ನೂರಿಪ್ಪತ್ತೆರಡು ವರ್ಷ ಬರೀ ಈ ಸಾಲಕ್ಕೇ ಹೋಯಿತು. ಉಳಿದ ವರ್ಷಗಳಲ್ಲಿ ಇಪ್ಪತ್ತೊಂಬತ್ತನ್ನು ಹೈಟಿಯದೇ ಸರ್ವಾಧಿಕಾರಿಗಳಾದ ಅಪ್ಪ ಮಗ ಡುವಾಲಿಯೇ ನುಂಗಿದರು, ಆ ಗೂಬೆಯನ್ನು ನಾನು ಫ್ರಾನ್ಸಿನ ಮೇಲೆ ಕೂರಿಸುವುದಿಲ್ಲ.

ಇದು ಫ್ರಾನ್ಸ್ ಒಂದರದೇ ಚಾಳಿ ಅಂದುಕೊಂಡಿದ್ದೆ. ಅಲ್ಲ. ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಾಗ 2 ಕೋಟಿ ಪೌಂಡ್ ಪರಿಹಾರ ಎತ್ತಿಟ್ಟಿತು. ಸರ್ಕಾರದ ಒಂದು ವರ್ಷದ ಖರ್ಚಿನ ಸುಮಾರು ನೂರಕ್ಕೆ ನಲವತ್ತು ಪಾಲು. ಎಲ್ಲ ಒಡೆಯರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸಿಲ್ಲ, ಮೇಲಿಂದ "ತರಬೇತಿ" ಅಂತ ಹೆಸರಿಟ್ಟು 1838ರ ತನಕ ಅದೇ ಒಡೆಯರ ಹತ್ತಿರ ಬಿಟ್ಟಿ ದುಡಿಸಿದರು. ಅದಕ್ಕೆ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ! 2018ರಲ್ಲಿ ಬ್ರಿಟನ್ನಿನ ಖಜಾನೆ ಇಲಾಖೆಯವರು ಇದನ್ನು ಹೆಮ್ಮೆಯಿಂದ ಟ್ವೀಟ್ ಮಾಡಿದರು, ನಿಮ್ಮ ತೆರಿಗೆಯಿಂದಲೇ ಗುಲಾಮಗಿರಿ ಕೊನೆಯಾಯ್ತು ಅನ್ನುವ ಧಾಟಿಯಲ್ಲಿ. ಜಮೈಕಾದಿಂದ ಬಂದು ಲಂಡನ್ನಿನಲ್ಲಿ ಬಸ್ ಓಡಿಸಿ ತೆರಿಗೆ ಕಟ್ಟಿದವರೂ ಅದನ್ನು ಓದಿದರು. ತಮ್ಮ ಮುತ್ತಜ್ಜನ ಒಡೆಯನಿಗೆ ಕೊಟ್ಟ ದುಡ್ಡನ್ನು ತಾವೇ ತೀರಿಸಿದ್ದು ಅಂತ ಅವರಿಗೆ ಆವತ್ತು ಗೊತ್ತಾಯಿತು. ಬೈಗುಳ ಬಿದ್ದ ಮೇಲೆ ಟ್ವೀಟ್ ಅಳಿಸಿದರು.

ಭಾರತದ ಲೆಕ್ಕವೂ ಹೀಗೇ. 1857ರ ದಂಗೆಯನ್ನು ಅಡಗಿಸಿದ ಖರ್ಚು ಬಿದ್ದಿದ್ದು ಭಾರತದ ಖಜಾನೆಯ ಮೇಲೆ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ 1858ಕ್ಕೆ ಮುಗಿಯಿತು ಅಂತ ಓದಿದ್ದೇವೆ, ಆದರೆ ಅದರ ಷೇರುದಾರರಿಗೆ ವರ್ಷಕ್ಕೆ ನೂರಕ್ಕೆ ಹತ್ತೂವರೆ ಲಾಭಾಂಶ ಇಲ್ಲಿನ ಕಂದಾಯದಿಂದಲೇ 1874ರ ತನಕ ಹೋಗುತ್ತಿತ್ತು, ಕೊನೆಗೆ 100 ಪೌಂಡಿನ ಷೇರಿಗೆ 200 ಪೌಂಡ್ ಕೊಟ್ಟು ಕೈತೊಳೆದುಕೊಂಡರು. 1867ರಲ್ಲಿ ತುರ್ಕಿಯ ಸುಲ್ತಾನ ಲಂಡನ್ನಿಗೆ ಬಂದಾಗ ಅಲ್ಲಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ಕಟ್ಟಡದಲ್ಲಿ ಭಾರಿ ನೃತ್ಯಕೂಟ ಇಟ್ಟುಕೊಂಡರು. ಅದರ ಬಿಲ್ಲೂ ಭಾರತಕ್ಕೇ. ಹಿಂದಿನ ವರ್ಷವಷ್ಟೇ ಒರಿಸ್ಸಾದಲ್ಲಿ ಹತ್ತು ಲಕ್ಷದಷ್ಟು ಜನ ಬರಕ್ಕೆ ಸತ್ತಿದ್ದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇಂಡೋನೇಷ್ಯಾದ್ದು ಇನ್ನೂ ಹತ್ತಿರದ ಕಾಲ. 1945ರ ಆಗಸ್ಟ್ 17ರಂದು ಅವರು ಸ್ವಾತಂತ್ರ್ಯ ಸಾರಿದರು. ಹಿಂದೆ ಅಲ್ಲಿ ಆಳಿದ್ದ ಡಚ್ಚರು ಒಪ್ಪದೆ 1947ರಲ್ಲಿ ಒಮ್ಮೆ, 1948ರಲ್ಲಿ ಇನ್ನೊಮ್ಮೆ ಸೈನ್ಯ ನುಗ್ಗಿಸಿದರು. ಹೊರಗೆ ಹೇಳಿದ ಹೆಸರು "ಪೊಲೀಸ್ ಕಾರ್ಯಾಚರಣೆ". ಮೊದಲನೆಯದಕ್ಕೆ ಸೈನ್ಯದ ಒಳಗೆ ಇಟ್ಟುಕೊಂಡ ಹೆಸರು "ಪ್ರಾಡಕ್ಟ್". ಕಣ್ಣಿದ್ದಿದ್ದು ರಬ್ಬರ್, ಸಕ್ಕರೆ ತೋಟಗಳ ಮೇಲೆ, ಹೆಸರಲ್ಲೇ ಹೇಳಿಬಿಟ್ಟಿದ್ದರು ಪುಣ್ಯಾತ್ಮರು. 1949ರ ಒಪ್ಪಂದದಲ್ಲಿ ಹೊಸ ದೇಶದ ತಲೆಗೆ 400 ಕೋಟಿಗೂ ಜಾಸ್ತಿ ಗಿಲ್ಡರ್ (ಡಚ್ಚರ ನಾಣ್ಯ) ಸಾಲ ಕಟ್ಟಿದರು. ಅದರಲ್ಲಿ ಅವರ ಮೇಲೇ ನಡೆಸಿದ ಯುದ್ಧದ ಖರ್ಚೂ ಸೇರಿತ್ತು. ಗುಂಡಿನ ದುಡ್ಡನ್ನು ಗುಂಡು ತಿಂದವನಿಂದಲೇ ವಸೂಲಿ. 1956ರಲ್ಲಿ ಇಂಡೋನೇಷ್ಯಾ ಇನ್ನು ಕಟ್ಟುವುದಿಲ್ಲ ಅಂತ ಕೈ ಕೊಡವಿತು. ಒಳ್ಳೇದೇ ಮಾಡಿತು ಅಂತ ನನ್ನ ಅಭಿಪ್ರಾಯ.

ಕೀನ್ಯಾದಲ್ಲಿ ಬಿಳಿಯ ಜಮೀನ್ದಾರರಿಂದ ಭೂಮಿ ಕೊಳ್ಳಲು ಬ್ರಿಟನ್ನೇ ಸಾಲ ಕೊಟ್ಟಿತು, ತಮ್ಮ ಅಜ್ಜಂದಿರಿಂದ ಕಿತ್ತುಕೊಂಡ ನೆಲಕ್ಕೆ ಅಲ್ಲಿನ ರೈತರು ಕಂತು ಕಟ್ಟಿದರು. ಇದನ್ನು ಇನ್ನೊಂದು ಸಲ ಬರೆಯುತ್ತೇನೆ, ಈಗಲೇ ಕೈ ಸೋತಿದೆ.

ಹೈಟಿಗೆ ಒಂದೇ ಒಂದು ಸಲ ವಾಪಸು ಬಿಲ್ ಕಳಿಸುವ ಧೈರ್ಯ ಬಂತು. 2003ರಲ್ಲಿ ಅಧ್ಯಕ್ಷ ಅರಿಸ್ಟೀಡ್ ಫ್ರಾನ್ಸಿಗೆ ಲೆಕ್ಕ ಕೊಟ್ಟ, ಕಟ್ಟಿದ ದುಡ್ಡಿಗೆ ಬಡ್ಡಿ ಸೇರಿಸಿ 2,168 ಕೋಟಿ 51 ಲಕ್ಷ 35 ಸಾವಿರದ 571 ಡಾಲರ್, 48 ಸೆಂಟ್. ಆ 48 ಸೆಂಟ್ ನೋಡಿ ತುಂಬಾ ಜನ ನಕ್ಕರು. ನಾನೂ ಮೊದಲ ಸಲ ಓದಿದಾಗ ನಕ್ಕಿದ್ದೆ. ಮರುವರ್ಷ ಫೆಬ್ರವರಿಯಲ್ಲಿ ಅವನ ಕುರ್ಚಿ ಹೋಯಿತು. ಹೋಗಿದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಅವನೇನು ಸಾಧು ಆಗಿರಲಿಲ್ಲ. 2015ರಲ್ಲಿ ಫ್ರಾನ್ಸಿನ ಅಧ್ಯಕ್ಷ ಒಲಾಂಡ್ ಕೆರಿಬಿಯನ್‌ನಲ್ಲಿರುವ ಫ್ರೆಂಚ್ ದ್ವೀಪ ಗ್ವಾಡಲೂಪಿಗೆ ಹೋದಾಗ, ಹೈಟಿಗೆ ಹೋದ ಮೇಲೆ ನಮ್ಮ ಸಾಲ ತೀರಿಸುತ್ತೇನೆ ಅಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಅವರ ಕಚೇರಿಯವರು ಆಮೇಲೆ ಹೇಳಿದರು, ಅವರು ಹೇಳಿದ್ದು ನೈತಿಕ ಸಾಲ, ದುಡ್ಡಿನದಲ್ಲ.

2025ರ ಏಪ್ರಿಲ್ 17ಕ್ಕೆ, ಚಾರ್ಲ್ಸ್ ಆ ಆದೇಶಕ್ಕೆ ರುಜು ಹಾಕಿ ಸರಿಯಾಗಿ ಇನ್ನೂರು ವರ್ಷ ತುಂಬಿತು. ಆ ದಿನ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರೋನ್ ಎರಡೂ ದೇಶದ ಇತಿಹಾಸಕಾರರ ಒಂದು ಸಮಿತಿ ಮಾಡುತ್ತೇವೆ ಅಂದರು. ಸಮಿತಿಗಳ ಬಗ್ಗೆ ನಿನಗೆ ನಾನು ಹೇಳಬೇಕಾ!

ಭಾನುವಾರ ಫೋನ್ ಮಾಡು. ಡುವಾಲಿಯೇ ವಿಷಯ ಎತ್ತುತ್ತೀಯ ಅಂತ ಗೊತ್ತು, ಓದಿಕೊಂಡೇ ಕೂತಿರುತ್ತೇನೆ.

ನಿನ್ನವನೇ