ಆರನೇ ತರಗತಿ ಪೋಷಕರಿಗೆ ಪತ್ರ: ವಿಮಾನದ ಪಾಠದ ಆಟ ಮತ್ತು ಅದರಲ್ಲಿರುವ ‘ತಪ್ಪು ಅಂಕಿ’

ಆತ್ಮೀಯ ಪೋಷಕರೇ,

ನಮಸ್ಕಾರ.

ವಿಮಾನದ ಇತಿಹಾಸದ ಪಾಠವನ್ನು ಆಟಗಳ ಮೂಲಕ ಕಲಿಸುತ್ತಿರುವ ಬಗ್ಗೆ ಕಳೆದ ವಾರ ನಿಮ್ಮಲ್ಲಿ ಕೆಲವರು ಶಾಲೆಗೆ ಬಂದು ಮಾತಾಡಿದಿರಿ. ಇನ್ನು ಕೆಲವರು ಡೈರಿಯಲ್ಲಿ ಬರೆದು ಕಳಿಸಿದಿರಿ. ಕೇಳಿದ್ದು ಒಳ್ಳೆಯದೇ ಆಯಿತು. ಮಕ್ಕಳ ಓದಿನ ಬಗ್ಗೆ ಮನೆಯವರು ಕೇಳದೆ ಇನ್ಯಾರು ಕೇಳಬೇಕು?

ಸಣ್ಣ ವಿಷಯಗಳನ್ನು ಮೊದಲು ಹೇಳಿಬಿಡುತ್ತೇನೆ. ಕಂಪ್ಯೂಟರ್ ಆಟ ಶಾಲೆಯ ಲ್ಯಾಬ್‌ನಲ್ಲಿ ಮಾತ್ರ. ಮನೆಯಲ್ಲಿ ಮೊಬೈಲ್ ಕೊಡಬೇಕಾಗಿಲ್ಲ. ಬೇರೆ ಫೀಸ್ ಇಲ್ಲ. ನೋಟ್ಸ್ ಪಾಠದ ಕೊನೆಯಲ್ಲಿ ಬರೆಸುತ್ತೇವೆ, ಪರೀಕ್ಷೆ ಎಂದಿನ ಹಾಗೇ ಇರುತ್ತದೆ.

ಕಾರ್ಡ್ ಆಟದಲ್ಲಿ ಒಟ್ಟೊ ಲಿಲಿಯೆಂಥಾಲ್ ಸಾವಿನ ಕಾರ್ಡ್ ಯಾಕೆ ಬೇಕಿತ್ತು ಎಂದು ಒಬ್ಬ ತಾಯಿ ಕೇಳಿದರು. ಈ ಜರ್ಮನ್ ಎಂಜಿನಿಯರ್ 1891ರಿಂದ ಸುಮಾರು 2000 ಸಲ ಗ್ಲೈಡರ್‌ನಲ್ಲಿ (ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ವಿಮಾನ) ತೇಲಿ, 1896ರಲ್ಲಿ ಬಿದ್ದು ತೀರಿಕೊಂಡರು. ಆ ಸುದ್ದಿ ಓದಿದ ಮೇಲೆಯೇ ರೈಟ್ ಸಹೋದರರ ಆಸಕ್ತಿ ಗಟ್ಟಿಯಾದದ್ದು. ಕಾರ್ಡ್ ತೆಗೆದರೆ ಕತೆಯ ಕೊಂಡಿಯೇ ಕಳಚುತ್ತದೆ. ಯಾರೂ ಎತ್ತರದಿಂದ ಹಾರುವ ಪ್ರಯತ್ನ ಮಾಡಬಾರದು ಎಂದು ಟೀಚರ್ ಪ್ರತಿ ತರಗತಿಯಲ್ಲೂ ಹೇಳುತ್ತಿದ್ದಾರೆ. ನೀವೂ ಮನೆಯಲ್ಲಿ ಒಂದು ಮಾತು ಹೇಳಿದರೆ ಒಳ್ಳೆಯದು.

ಈಗ ಜಾಸ್ತಿ ದೂರು ಬಂದ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ಆಟದಲ್ಲಿ ಮಕ್ಕಳು ಗ್ಲೈಡರ್‌ನ ರೆಕ್ಕೆ ಎಷ್ಟು ಅಗಲ, ಎಷ್ಟು ಬಾಗು ಅಂತ ಲೆಕ್ಕ ಹಾಕಬೇಕು. ಗಾಳಿ ರೆಕ್ಕೆಯನ್ನು ಎಷ್ಟು ಜೋರಾಗಿ ಎತ್ತುತ್ತದೆ ಎಂದು ತಿಳಿಯಲು ಒಂದು ಅಂಕಿ ಕೊಟ್ಟಿದ್ದೇವೆ, 0.005. ಕೊಟ್ಟ ಹಾಗೇ ಲೆಕ್ಕ ಮಾಡಿದರೂ ಗ್ಲೈಡರ್ ಸರಿಯಾಗಿ ಏಳುವುದಿಲ್ಲ. ಕೆಲವು ಮಕ್ಕಳು ಅತ್ತಿದ್ದಾರೆ, ನನಗೆ ಗೊತ್ತು. ‘ಶಾಲೆಯೇ ತಪ್ಪು ಅಂಕಿ ಕೊಟ್ಟರೆ ಹೇಗೆ, ಇದು ಮಕ್ಕಳಿಗೆ ಮೋಸ ಅಲ್ವಾ?’ ಎಂದು ನೀವು ಕೇಳಿದ್ದು ಸಹಜ.

ಆ ಅಂಕಿ ತಪ್ಪೇ. ಬೇಕೆಂದೇ ಇಟ್ಟಿದ್ದೇವೆ. ಇದೇ ಅಂಕಿಯನ್ನು ನಂಬಿ ವಿಲ್ಬರ್ ಮತ್ತು ಆರ್ವಿಲ್ ರೈಟ್ 1901ರಲ್ಲಿ ತಮ್ಮ ಎರಡನೇ ಗ್ಲೈಡರ್ ಕಟ್ಟಿದರು. ಅದು 18ನೇ ಶತಮಾನದ ಇಂಗ್ಲಿಷ್ ಎಂಜಿನಿಯರ್ ಜಾನ್ ಸ್ಮೀಟನ್ ಹೆಸರಿನಲ್ಲಿ ನಡೆದುಬಂದ ಅಂಕಿ. ಅನೇಕ ದೊಡ್ಡವರು ಅದನ್ನೇ ಬಳಸುತ್ತಿದ್ದರು. ಅಮೆರಿಕದ ಕಿಲ್ ಡೆವಿಲ್ ಹಿಲ್ಸ್‌ನ ಮರಳು ದಿಬ್ಬದಿಂದ ಗ್ಲೈಡರ್ ತೇಲಿಬಿಟ್ಟರೆ ಲೆಕ್ಕದಲ್ಲಿ ಬರಬೇಕಾದ ಎತ್ತುವ ಬಲದ ಅರ್ಧವೂ ಬರಲಿಲ್ಲ. ಅಣ್ಣತಮ್ಮ ಇಬ್ಬರೂ ಬೇಸರದಲ್ಲೇ ಊರಿಗೆ ಮರಳಿದರು. ನಿಮ್ಮ ಮಗು ಲ್ಯಾಬ್‌ನಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದು ಆ ಜಾಗದಲ್ಲೇ.

ಕತೆ ಅಲ್ಲಿಗೆ ನಿಲ್ಲುವುದಿಲ್ಲ. ತಮ್ಮ ಊರು ಡೇಟನ್‌ನ ಸೈಕಲ್ ಅಂಗಡಿಯಲ್ಲಿ ಅವರು ಸುಮಾರು ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ಕಡೆಯಿಂದ ಫ್ಯಾನ್‌ನಲ್ಲಿ ಗಾಳಿ ಬಿಟ್ಟರು. ಒಳಗೆ ಪುಟ್ಟ ರೆಕ್ಕೆಗಳನ್ನು ಇಟ್ಟು ಅಳೆದರು. ಅಳೆಯುವ ತಕ್ಕಡಿಯನ್ನು ಹಳೇ ಗರಗಸದ ಬ್ಲೇಡ್, ಸೈಕಲ್ ಕಡ್ಡಿಗಳಿಂದ ತಾವೇ ಮಾಡಿಕೊಂಡಿದ್ದರು. ನೂರಾರು ರೆಕ್ಕೆ ಆಕಾರಗಳನ್ನು ನೋಡಿದರು. ಮೊದಲು ರೆಕ್ಕೆಯ ಎತ್ತುವ ಬಲದ ಬಗ್ಗೆ ಲಿಲಿಯೆಂಥಾಲ್ ಬರೆದಿಟ್ಟ ಕೋಷ್ಟಕದ ಮೇಲೆ ಅವರಿಗೆ ಅನುಮಾನ ಇತ್ತು. ಕೊನೆಗೆ ನೋಡಿದರೆ ಅದು ಬಹುಪಾಲು ಸರಿಯೇ ಇತ್ತು, ಸ್ಮೀಟನ್ ಹೆಸರಿನ ಆ ಹಳೆಯ ಅಂಕಿಯೇ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಮುಂದಿನ ವರ್ಷ, 1902ರಲ್ಲಿ, ರೆಕ್ಕೆಯನ್ನು ಉದ್ದವಾಗಿಯೂ ಕಿರಿದಾಗಿಯೂ ಮಾಡಿದ ಗ್ಲೈಡರ್ ಲೆಕ್ಕದ ಹಾಗೇ ತೇಲಿತು. 1903ರ ಡಿಸೆಂಬರ್ 17ರ 12 ಸೆಕೆಂಡಿನ ಹಾರಾಟ ಅದರ ಮುಂದಿನ ಹೆಜ್ಜೆ.

‘ವಿಮಾನ ಕಂಡುಹಿಡಿದವರು ರೈಟ್ ಸಹೋದರರು, 1903’ ಎಂದು ಬಾಯಿಪಾಠ ಮಾಡಿಸಲು ಐದು ನಿಮಿಷ ಸಾಕು. ಅದನ್ನೂ ಮಾಡಿಸುತ್ತೇವೆ. ಆದರೆ ಅವರು ಗೆದ್ದದ್ದು ಯಾಕೆ ಅನ್ನುವುದು ಆ ಸಾಲಿನಲ್ಲಿ ಇಲ್ಲ. ಬಹಳ ಜನ ಒಪ್ಪಿದ ಒಂದು ಅಂಕಿಯನ್ನು ಅವರು ತಾವೇ ಅಳೆದು ನೋಡಿದರು. ಇದನ್ನು ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಅಷ್ಟೇ. ತಮ್ಮದೇ ಗ್ಲೈಡರ್ ಬಿದ್ದಾಗ ಮಾತ್ರ ‘ಲೆಕ್ಕ ಸರಿ ಇದೆ, ಮತ್ಯಾಕೆ ಬಿತ್ತು?’ ಅನ್ನುವ ಪ್ರಶ್ನೆ ಅವರ ಬಾಯಲ್ಲೇ ಬರುತ್ತದೆ. ಮೊನ್ನೆ ಮೂರನೇ ಬೆಂಚಿನ ಒಬ್ಬ ಹುಡುಗಿ ಟೀಚರ್‌ಗೆ ಕೇಳಿದ್ದು ಇದೇ ಮಾತು: ‘ಮಿಸ್, ಈ ನಂಬರ್ ಯಾರು ಅಳೆದಿದ್ದು?’ ಆ ಪ್ರಶ್ನೆ ಬರಲಿ ಅಂತಲೇ ಇಷ್ಟು ದಿನ ಕಾದಿದ್ದು. ಈಗ ಅವಳ ಗುಂಪು ರಟ್ಟಿನ ರೆಕ್ಕೆಗಳನ್ನು ಟೇಬಲ್ ಫ್ಯಾನ್ ಮುಂದೆ ಇಟ್ಟು ಅಳೆಯುತ್ತಿದೆ.

ಮಕ್ಕಳನ್ನು ಸುಮ್ನೆ ಸೋಲಲು ಬಿಟ್ಟಿಲ್ಲ. ಗ್ಲೈಡರ್ ಬಿದ್ದಿದ್ದಕ್ಕೆ ಯಾರ ಅಂಕವೂ ಕಡಿಮೆ ಆಗುವುದಿಲ್ಲ. ಯಾವ ಮಗುವನ್ನೂ ಇನ್ನೊಂದು ಮಗುವಿನ ಜೊತೆ ಹೋಲಿಸುತ್ತಿಲ್ಲ. ತುಂಬಾ ಬೇಜಾರು ಮಾಡಿಕೊಂಡವರ ಪಕ್ಕದಲ್ಲಿ ಟೀಚರ್ ಕೂತು, ಮುಂದೆ ಏನನ್ನು ಅಳೆಯಬಹುದು ಎಂದು ದಾರಿ ತೋರಿಸುತ್ತಾರೆ. ಪಾಠ ಮುಗಿಯುವ ಮೊದಲು ಎಲ್ಲರಿಗೂ ಸರಿಯಾದ ಅಂಕಿ ತಿಳಿದಿರುತ್ತದೆ, ನೋಟ್ಸ್‌ನಲ್ಲೂ ಇರುತ್ತದೆ. ತಪ್ಪು ಕಲಿತು ಯಾರೂ ಮನೆಗೆ ಬರುವುದಿಲ್ಲ, ಇದು ನನ್ನ ಮಾತು.

ಆದರೆ ಆ ಅಂಕಿಯನ್ನು ಆಟದಿಂದ ತೆಗೆಯುವುದಿಲ್ಲ. ಇದನ್ನು ಟೀಚರ್ ಜೊತೆ ಕೂತು ಯೋಚಿಸಿಯೇ ಹೇಳುತ್ತಿದ್ದೇನೆ. ನಿಮ್ಮ ಕಾಳಜಿ ನಮಗೆ ಅರ್ಥವಾಗುತ್ತದೆ. ಮಗು ಸಪ್ಪಗೆ ಮನೆಗೆ ಬಂದರೆ ಯಾರಿಗಾದರೂ ಕರುಳು ಚುರುಕ್ ಅನ್ನುತ್ತದೆ. ಆದರೂ ಒಂದೆರಡು ದಿನದ ಆ ಗೊಂದಲವನ್ನು ಅವರಿಂದ ಕಸಿದುಕೊಳ್ಳುವುದು ಬೇಡ.

ನಾನು ಕೇಳಿಕೊಳ್ಳುವುದು ಇಷ್ಟೇ: ಸರಿಯಾದ ಅಂಕಿ ಹುಡುಕಿ ಮನೆಯಲ್ಲಿ ಹೇಳಿಕೊಡಬೇಡಿ.

ಈ ಪತ್ರವನ್ನು ಮಕ್ಕಳೂ ಓದುತ್ತಾರೆ ಎಂದು ಇಲ್ಲೂ ಅದನ್ನು ಬರೆದಿಲ್ಲ. ಮಗು ಕೇಳಿದರೆ ‘ನೀನು ಹೇಗೆ ಅಳೆದೆ, ತೋರಿಸು’ ಅನ್ನಿ. ಇನ್ನೂ ಸಮಾಧಾನ ಇಲ್ಲದವರು ಶುಕ್ರವಾರ ಕೊನೆಯ ಪೀರಿಯಡ್‌ಗೆ ಲ್ಯಾಬ್‌ಗೆ ಬನ್ನಿ. ಮಕ್ಕಳ ಪಕ್ಕದಲ್ಲಿ ಕೂತು ನೀವೂ ಒಂದು ಗ್ಲೈಡರ್ ಮಾಡಿ, ಆಮೇಲೆ ಮಾತಾಡೋಣ. ಬರುವವರು ಗುರುವಾರದೊಳಗೆ ಡೈರಿಯಲ್ಲಿ ಬರೆದು ಕಳಿಸಿದರೆ ಕುರ್ಚಿ ಹಾಕಿಸಲು ಅನುಕೂಲ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು