ಆಕಾರದ ಚೆಂದಕ್ಕೆ ಚಿತ್ರ ಬಲಿಯಾಗದಿರಲಿ

ಮಾನ್ಯರೇ,

ಸ್ಮಾರ್ಟ್ ಕ್ಲಾಸುಗಳಿಗೆ ಬೇಕಾದ ಪವರ್‌ಪಾಯಿಂಟ್ ಪಾಠಗಳನ್ನು ಶಿಕ್ಷಕರು ತಾವೇ ಆಸಕ್ತಿಯಿಂದ ತಯಾರಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಸ್ಲೈಡು ಚೆಂದ ಕಾಣಲೆಂದು ಚಿತ್ರಗಳನ್ನು ವೃತ್ತ, ಷಟ್ಕೋನ, ಹೃದಯದ ಆಕಾರಗಳಿಗೆ ಕತ್ತರಿಸಿ ಹಾಕುವ ರೂಢಿ ಇತಿಹಾಸದ ಪಾಠಗಳಿಗೆ ಹಾನಿ ಮಾಡುತ್ತಿದೆ ಎಂಬುದನ್ನು ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ತಮ್ಮ ಪತ್ರಿಕೆಯ ಮೂಲಕ ಸಹೋದ್ಯೋಗಿಗಳ ಗಮನಕ್ಕೆ ತರಬಯಸುತ್ತೇನೆ.

ಬಾದಾಮಿಯ ಒಂದನೆಯ ಗುಹೆಯ ನಟರಾಜನಿಗೆ 18 ಕೈಗಳು. ಶಿಕ್ಷಕರ ನಡುವೆ ಹಂಚಿಕೆಯಾಗುತ್ತಿದ್ದ ಪಾಠವೊಂದರಲ್ಲಿ ಈ ಶಿಲ್ಪವನ್ನು ದುಂಡಗೆ ಕತ್ತರಿಸಲಾಗಿತ್ತು. ಎರಡೂ ಅಂಚಿನ ಕೈಗಳು ಮಣಿಕಟ್ಟಿನಲ್ಲೇ ತುಂಡಾಗಿದ್ದವು, ಪಕ್ಕದ ಗಣಪತಿ ಮತ್ತು ನಂದಿ ಪೂರ್ತಿ ಮಾಯವಾಗಿದ್ದರು, ಕೆಳಗೆ ಮಾತ್ರ ‘18 ಕೈಗಳ ನಟರಾಜ’ ಎಂಬ ಶೀರ್ಷಿಕೆ ಇತ್ತು. ಕೈಗಳನ್ನು ಎಣಿಸಿ ನೋಡುವ ಮಗುವಿಗೆ ಲೆಕ್ಕ ಸಿಗುವುದಾದರೂ ಹೇಗೆ? ಅದೇ ಪಾಠದಲ್ಲಿ ಹಲ್ಮಿಡಿ ಶಾಸನ ಷಟ್ಕೋನದೊಳಗಿತ್ತು. 16 ಸಾಲುಗಳ ಆ ಶಾಸನದ ಮೇಲಿನ ಮತ್ತು ಕೆಳಗಿನ ಸಾಲುಗಳ ಆರಂಭದ ಹಾಗೂ ಕೊನೆಯ ಅಕ್ಷರಗಳೇ ಕಾಣದಿದ್ದ ಮೇಲೆ ಅದು ಶಾಸನದ ಚಿತ್ರವಾಗಿ ಉಳಿಯದೆ ಬರಿಯ ಅಲಂಕಾರವಾಗಿಬಿಡುತ್ತದೆ.

ಹೀಗಾಗುವುದಕ್ಕೆ ಅಸಡ್ಡೆಗಿಂತ ತಂತ್ರಾಂಶದ ರೀತಿಯೇ ಹೆಚ್ಚು ಕಾರಣ ಎಂದು ನನಗನ್ನಿಸುತ್ತದೆ. ಚಿತ್ರವನ್ನು ಆಕಾರಕ್ಕೆ ಕತ್ತರಿಸುವ ‘ಕ್ರಾಪ್ ಟು ಶೇಪ್’ನಲ್ಲಿ ಅಂಡಾಕಾರವನ್ನು ಆರಿಸಿ, ಅದು ಸರಿಯಾದ ವೃತ್ತವಾಗಲೆಂದು ಅಗಲ–ಎತ್ತರಗಳ ಅನುಪಾತವಾದ ‘ಆಸ್ಪೆಕ್ಟ್ ರೇಶಿಯೊ’ವನ್ನು 1:1ಕ್ಕೆ ಬದಲಿಸಿದಾಗ, ತಂತ್ರಾಂಶ ಚಿತ್ರದ ನಡುಭಾಗವನ್ನಷ್ಟೇ ಉಳಿಸಿಕೊಳ್ಳುತ್ತದೆ. ಶ್ರವಣಬೆಳಗೊಳದ ಗೊಮ್ಮಟನಂಥ ನೀಳ ಚಿತ್ರವಾದರೆ ಮುಖವೂ ಪಾದವೂ ಹೊರಗುಳಿಯುತ್ತವೆ. ಆ ಹಂತದಲ್ಲಿ ಚೌಕಟ್ಟಿನೊಳಗಿನ ಚಿತ್ರವನ್ನು ಮೌಸಿನಿಂದ ಸರಿಸಿ, ಬೇಕಾದ ಭಾಗವನ್ನು ಒಳಗೆ ತಂದುಕೊಳ್ಳಬಹುದು ಎಂಬುದನ್ನು ಅನೇಕರಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಆಕಾರಕ್ಕೆ ಕತ್ತರಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸ್ವಾತಂತ್ರ್ಯ ಹೋರಾಟಗಾರರ ಭಾವಚಿತ್ರಗಳನ್ನು ಒಂದೇ ಅಳತೆಯ ವೃತ್ತಗಳಲ್ಲಿ ಸಾಲಾಗಿ ಜೋಡಿಸಿದರೆ ಸ್ಲೈಡು ಅಚ್ಚುಕಟ್ಟಾಗಿಯೇ ಕಾಣುತ್ತದೆ. ನಟರಾಜನ ಪೂರ್ಣ ಚಿತ್ರವನ್ನು ಮೊದಲು ತೋರಿಸಿ, ಅದೇ ಚಿತ್ರದ ಇನ್ನೊಂದು ಪ್ರತಿಯಿಂದ ಒಂದು ಹಸ್ತಮುದ್ರೆಯನ್ನಷ್ಟೇ ವೃತ್ತದೊಳಗೆ ದೊಡ್ಡದಾಗಿ ಪಕ್ಕದಲ್ಲಿಟ್ಟರೆ, ಹಿಂದಿನ ಬೆಂಚಿನ ಮಕ್ಕಳಿಗೂ ಉಳಿಯ ಕೆಲಸ ಕಾಣುತ್ತದೆ. ಶಾಸನ, ಶಿಲ್ಪ, ನಕ್ಷೆಗಳಂತೆ ಚಿತ್ರವೇ ಆಧಾರವಾಗಿರುವ ಕಡೆ ಮಾತ್ರ ಪೂರ್ಣ ಚಿತ್ರವಿಲ್ಲದೆ ಕತ್ತರಿಸಿದ ತುಣುಕನ್ನು ತೋರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಸಂಬಂಧಿಸಿದ ಮತ್ತೊಂದು ವಿಷಯವೂ ಗಂಭೀರವಾದದ್ದು. ಹೀಗೆ ಕತ್ತರಿಸಿದ ಭಾಗ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಕಡತದಿಂದ ಹೋಗುವುದಿಲ್ಲ. ವಿದ್ಯಾರ್ಥಿನಿಯೊಬ್ಬಳ ಗುರುತಿನ ಚೀಟಿಯ ಚಿತ್ರದಿಂದ ಮುಖವನ್ನಷ್ಟೇ ದುಂಡಗೆ ಉಳಿಸಿಕೊಂಡು, ಆ ಕಡತವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರೆ, ಅದನ್ನು ಪಡೆದ ಯಾರು ಬೇಕಾದರೂ ಚಿತ್ರದ ಮೇಲೆ ಮತ್ತೆ ‘ಕ್ರಾಪ್’ ಒತ್ತಿ ಆಕೆಯ ವಿಳಾಸ, ಪೋಷಕರ ಫೋನ್ ಸಂಖ್ಯೆಗಳನ್ನು ಓದಬಹುದು. ‘ಕಂಪ್ರೆಸ್ ಪಿಕ್ಚರ್ಸ್’ನಲ್ಲಿರುವ ‘ಡಿಲೀಟ್ ಕ್ರಾಪ್ಡ್ ಏರಿಯಾಸ್ ಆಫ್ ಪಿಕ್ಚರ್ಸ್’ ಎಂಬ ಆಯ್ಕೆಗೆ ಗುರುತು ಹಾಕಿ ಉಳಿಸಿದಾಗಲೇ ಚೌಕಟ್ಟಿನ ಹೊರಗಿನ ಭಾಗ ಅಳಿಯುತ್ತದೆ; ಚೌಕಟ್ಟಿನ ಮೂಲೆಗಳಲ್ಲಿ ವೃತ್ತದ ಆಚೆಗಿರುವುದು ಆಗಲೂ ಉಳಿದಿರಬಹುದು. ಅಳಿದದ್ದು ಮರಳಿ ಬರುವುದಿಲ್ಲವಾದ್ದರಿಂದ ಮೂಲ ಚಿತ್ರವನ್ನು ಬೇರೆಡೆ ಇಟ್ಟುಕೊಂಡಿರಬೇಕು.

ಶಿಕ್ಷಕರ ಕಂಪ್ಯೂಟರ್ ತರಬೇತಿಗಳಲ್ಲಿ ಸ್ಲೈಡಿನ ಬಣ್ಣ, ಅನಿಮೇಷನ್‌ಗಳಿಗೆ ಕೊಡುವ ಸಮಯದಲ್ಲಿ ಸ್ವಲ್ಪವನ್ನು ಈ ಎರಡು ಸಂಗತಿಗಳ ಅಭ್ಯಾಸಕ್ಕೆ ಮೀಸಲಿಡಬೇಕೆಂದೂ, ಈಗಾಗಲೇ ಹಂಚಿಕೆಯಾಗಿರುವ ಪಾಠಗಳಲ್ಲಿ ವಿದ್ಯಾರ್ಥಿಗಳ ಚಿತ್ರಗಳಿದ್ದರೆ ಅವುಗಳನ್ನು ಒಮ್ಮೆ ಪರಿಶೀಲಿಸಬೇಕೆಂದೂ ಶಿಕ್ಷಣ ಇಲಾಖೆಯನ್ನು ವಿನಂತಿಸುತ್ತೇನೆ.

– ಪ್ರೌಢಶಾಲಾ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ