ಮೇಲಿನ ಹೋಸ್ ಮುಟ್ಟಿ ನೋಡಿ ಅಂದವರಿಗೆ

ನನ್ನ ಹಳೇ ಲಾರಿಯ ಟೆಂಪರೇಚರ್ ಮುಳ್ಳು ಎಷ್ಟು ಓಡಿಸಿದರೂ ಕೆಳಗೇ ಇರುತ್ತಿತ್ತು. ಬಿಸಿಯಾಗದಿದ್ದರೆ ಒಳ್ಳೇದೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ, ತಣ್ಣಗೆ ಓಡಿದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಎಂಜಿನ್ ಬೇಗ ಸವೆಯುತ್ತದೆ ಅಂತ ತಿಳಿಸಿದವರು ನೀವು. ಮೀಟರನ್ನು ಸುಮ್ನೆ ನಂಬಬೇಡಿ, ಮೀಟರಿಗೆ ಬಿಸಿ ಎಷ್ಟಿದೆ ಅಂತ ತಿಳಿಸುವ ಸೆಂಡರ್ ಕೆಟ್ಟಿದ್ದರೂ ಹೀಗೇ ತೋರಿಸುತ್ತದೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿ ಅಂದಿರಿ.

ಮುಟ್ಟಿದೆ. ಶುರುವಿನಿಂದಲೇ ಎಂಜಿನ್ ಜೊತೆ ಅದೂ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್, ಅಂದರೆ ಥರ್ಮೋಸ್ಟಾಟ್, ಸರಿಯಿದ್ದರೆ ಹೋಸ್ ತುಂಬಾ ಹೊತ್ತು ತಣ್ಣಗಿದ್ದು, ಆಮೇಲೆ ಬೇಗನೆ ಬಿಸಿಯಾಗಬೇಕಿತ್ತು. ಬಿಚ್ಚಿದರೆ ವಾಲ್ವ್ ಅಂಚಿನಲ್ಲಿ ತುಕ್ಕಿನ ಚೂರು! ಮುಚ್ಚಲಾಗದೆ ಬಾಯಿ ತೆರೆದೇ ಇತ್ತು. 82 ಡಿಗ್ರಿಗೆ ತೆರೆಯುವ ಹೊಸದು ಹಾಕಿದೆ, ಈಗ ಮುಳ್ಳು ನಡುವೆ ನಿಲ್ಲುತ್ತದೆ.

ನಿಮ್ಮ ಹೆಸರೂ ಕೇಳಲಿಲ್ಲ ನಾನು. ಮನಸಾರೆ ಥ್ಯಾಂಕ್ಸ್.